ಹುಟ್ಟುಹಬ್ಬದ ದಿನ ಲೆಕ್ಕ ಕೇಳುವವರು ಯಾರು?

ಕೆಲವು ವಾರಗಳ ಹಿಂದೆ ಕೃಷ್ಣರಾಜಪೇಟೆ ತಾಲೂಕಿನ ಸಂತೆಬಾಚಹಳ್ಳಿಗೆ ಬಂಧುಗಳೊಬ್ಬರ ಆಹ್ವಾನದ ಮೇರೆಗೆ ನಾವು ಹೋಗಬೇಕಾಯಿತು. ಅವರ ಮೊಮ್ಮಗನ ಮೊದಲನೆಯ ಹುಟ್ಟುಹಬ್ಬ. ಮನೆಯ ಮುಂದೆ ಶಾಮಿಯಾನ, ಬಲೂನುಗಳ ಕಮಾನು, ಮಗುವಿನ ಭಾವಚಿತ್ರವಿರುವ ಆಳೆತ್ತರದ ಫ್ಲೆಕ್ಸ್, ಮೈಸೂರಿನಿಂದ ಕಾರಿನಲ್ಲಿ ತರಿಸಲಾಗಿದ್ದ ಎರಡು ಅಂತಸ್ತಿನ ಕೇಕ್, ಹಿತ್ತಿಲಿನಲ್ಲಿ ಬಿರಿಯಾನಿಯ ದೇಗಗಳು. ಇಷ್ಟೆಲ್ಲ ಯಾರಿಗಾಗಿ ನಡೆದಿತ್ತೋ ಆ ಮಗು ಮಾತ್ರ ನಿದ್ದೆ ಹೋಗಿತ್ತು. ಅದನ್ನು ಎಬ್ಬಿಸಿ, ಅಳುತ್ತಿದ್ದ ಅದರ ಕೈಗೆ ಚಾಕು ಹಿಡಿಸಿ, ಮೊಬೈಲುಗಳೆಲ್ಲ ಸಿದ್ಧವಾದ ಬಳಿಕ ಕೇಕ್ ಕತ್ತರಿಸಲಾಯಿತು.

ಮಗುವಿನ ದಾದಾ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದರು. ನಲವತ್ತು ವರ್ಷ ಸಂತೆಯಿಂದ ಸಂತೆಗೆ ಬಟ್ಟೆಯ ಗಂಟು ಹೊತ್ತು ಬದುಕಿದವರು. ಮಾತಿಗೆಂದು ನಾವು, "ಚಾಚಾ, ನಿಮಗೆ ಈಗ ವಯಸ್ಸೆಷ್ಟು?" ಎಂದು ಕೇಳಿದೆವು. ಅವರು ನಕ್ಕು, "ಯಾವ ವಯಸ್ಸು ಬೇಕು ಬೇಟಾ? ಆಧಾರಿನದ್ದಾ, ವೋಟರ್ ಕಾರ್ಡಿನದ್ದಾ, ನಮ್ಮ ಅಮ್ಮಿ ಹೇಳುತ್ತಿದ್ದದ್ದಾ?" ಎಂದರು. ಮೂರೂ ಬೇರೆಬೇರೆ. ಒಂದಕ್ಕೂ ಇನ್ನೊಂದಕ್ಕೂ ಎರಡು ಮೂರು ವರ್ಷಗಳ ಅಂತರ.

ಅಷ್ಟರಲ್ಲಿ ಮಗುವಿನ ತಂದೆ ಬಂದರು. ಮಗುವಿನ ಜನನ ಪ್ರಮಾಣಪತ್ರ ಆಗಿದೆಯೇ ಎಂದು ವಿಚಾರಿಸಿದೆವು. ಆಸ್ಪತ್ರೆಯಲ್ಲಿ ನೋಂದಣಿಯೇನೋ ಆಗಿದೆ, ಆದರೆ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇದೆ. "ಸೇರಿಸಬೇಕು ಭಾಯಿ, ಟೈಮೇ ಸಿಗಲಿಲ್ಲ" ಎಂದರು. ನಮ್ಮ ದೇಶದ ಜನನ ಮರಣ ನೋಂದಣಿ ನಿಯಮಗಳ ಪ್ರಕಾರ ನೋಂದಣಿಯಾದ ದಿನದಿಂದ ಹನ್ನೆರಡು ತಿಂಗಳೊಳಗೆ ಮಗುವಿನ ಹೆಸರನ್ನು ಶುಲ್ಕವಿಲ್ಲದೆ ಸೇರಿಸಬಹುದು. ಅನಂತರವಾದರೆ ತಡವಾದುದಕ್ಕೆ ಶುಲ್ಕ ತೆತ್ತು ಹದಿನೈದು ವರ್ಷಗಳವರೆಗೂ ಸೇರಿಸಬಹುದು. ಪ್ರಮಾಣಪತ್ರವನ್ನು ತರಿಸಿ ನೋಡಿದೆವು. ಹನ್ನೆರಡು ತಿಂಗಳು ತುಂಬಲು ಇನ್ನು ಎಂಟು ದಿನ ಉಳಿದಿತ್ತು. ಫ್ಲೆಕ್ಸ್ ಮೇಲೆ ಮೂರು ಬಣ್ಣಗಳಲ್ಲಿ ಮಿನುಗುತ್ತಿದ್ದ ಆ ಹೆಸರು ಸರಕಾರದ ದಾಖಲೆಯಲ್ಲಿ ಎಲ್ಲಿಯೂ ಇರಲಿಲ್ಲ.

ಹುಟ್ಟುಹಬ್ಬ ಆಚರಿಸುವುದು ಧರ್ಮಸಮ್ಮತವೇ ಅಲ್ಲವೇ ಎಂಬ ಚರ್ಚೆ ನಮ್ಮ ಮಸೀದಿಗಳ ಅಂಗಳದಲ್ಲಿ ಬಹಳ ಕಾಲದಿಂದ ನಡೆಯುತ್ತಿದೆ. ಅದು ಅನ್ಯರ ಅನುಕರಣೆ, ಅನಾಚಾರ ಎನ್ನುವ ಉಲೆಮಾಗಳಿದ್ದಾರೆ. ಅದು ಕೇವಲ ಲೌಕಿಕ ಪದ್ಧತಿ, ಆರಾಧನೆಯೆಂದು ಭಾವಿಸದಿದ್ದರೆ ಅಡ್ಡಿಯಿಲ್ಲ ಎನ್ನುವವರೂ ಇದ್ದಾರೆ. ನಾವು ಮದ್ರಸದಲ್ಲಿ ಓದಿದವರಾದರೂ ಫತ್ವಾ ನೀಡುವ ಅರ್ಹತೆ ನಮಗಿಲ್ಲ, ಆ ಉದ್ದೇಶವೂ ಇಲ್ಲ. ನಮ್ಮ ಆಕ್ಷೇಪವಿರುವುದು ಎರಡೂ ಪಕ್ಷಗಳ ಮೇಲೆ. ಕೇಕ್ ಕತ್ತರಿಸುವವರು ಕತ್ತರಿಸಿ ಮಲಗುತ್ತಾರೆ. ಕೇಕ್ ನಿಷಿದ್ಧವೆಂದು ಸಾರುವವರು ಸಾರಿ ಮಲಗುತ್ತಾರೆ. ಕಳೆದುಹೋದ ಒಂದು ವರ್ಷವು ಏನಾಯಿತು ಎಂದು ಕೇಳುವವರು ಎರಡೂ ಕಡೆ ಇಲ್ಲ. ಪ್ರವಾದಿ ಮುಹಮ್ಮದ್(ಸ)ರು ಸೋಮವಾರಗಳಂದು ಉಪವಾಸವಿರುತ್ತಿದ್ದರು. ಕಾರಣ ಕೇಳಿದಾಗ, ತಾವು ಜನಿಸಿದ್ದೂ ತಮಗೆ ದಿವ್ಯವಾಣಿ ಇಳಿದದ್ದೂ ಆ ದಿನವೇ ಎಂಬ ಅರ್ಥದ ಉತ್ತರ ನೀಡಿದರೆಂದು ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿದೆ. ಜನ್ಮದಿನದ ನೆನಪೇ ಕೂಡದು ಎನ್ನುವವರೂ, ನೆನಪೆಂದರೆ ಔತಣವೇ ಎನ್ನುವವರೂ ಈ ಹದೀಸಿನ ಮುಂದೆ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು.

ಇಲ್ಲಿ ನಮ್ಮದೇ ಕಥೆಯನ್ನು ಹೇಳದೆ ಮುಂದುವರಿದರೆ ಅದು ಪ್ರಾಮಾಣಿಕತೆಯಾಗದು. ದಾಖಲೆಗಳ ಪ್ರಕಾರ ನಾವು ಜನಿಸಿದ್ದು 1986ರ ಜೂನ್ 1ರಂದು. ನಮ್ಮ ತರಗತಿಯಲ್ಲಿದ್ದ ಅರ್ಧದಷ್ಟು ಹುಡುಗರೂ ಜೂನ್ 1ರಂದೇ ಜನಿಸಿದವರು. ಜೂನ್‌ನಲ್ಲಿ ಶಾಲೆ ಆರಂಭವಾಗುತ್ತದೆ. ಮಗುವಿನ ಕೈ ಹಿಡಿದು ಬಂದ ತಂದೆಗೆ ತಾರೀಕು ತಿಳಿದಿರುವುದಿಲ್ಲ. ಮೇಷ್ಟರು ಪ್ರವೇಶಕ್ಕೆ ತಕ್ಕ ವಯಸ್ಸು ಬರುವಂತೆ ಲೆಕ್ಕ ಹಾಕಿ ಜೂನ್ 1 ಎಂದು ಬರೆದುಕೊಳ್ಳುತ್ತಾರೆ. ಹಳೆಯ ಮೈಸೂರು ಸೀಮೆಯಲ್ಲಿ ಹಿಂದೂ, ಮುಸ್ಲಿಮ್ ಎಂಬ ಭೇದವಿಲ್ಲದೆ ಒಂದು ತಲೆಮಾರೇ ಹೀಗೆ ಒಂದೇ ದಿನ ಹುಟ್ಟಿತು. ನಮ್ಮ ಅಮ್ಮಿಯವರ ಪ್ರಕಾರ ನಾವು ಹುಟ್ಟಿದ್ದು ರಜಬ್ ತಿಂಗಳಲ್ಲಿ, ಮೇರಾಜ್ ರಾತ್ರಿ ಕಳೆದು ಮೂರನೆಯ ದಿನ. ಪಂಚಾಂಗ ನೋಡಿದರೆ ಅದು ಏಪ್ರಿಲ್ ಆಗುತ್ತದೆ. ಬ್ಯಾಂಕಿನವರೂ ಮೊಬೈಲ್ ಕಂಪೆನಿಯವರೂ ಪ್ರತಿ ಜೂನ್ 1ರಂದು ತಪ್ಪದೆ ಶುಭಾಶಯ ಕಳುಹಿಸುತ್ತಾರೆ. ಮೇಷ್ಟರು ಕೊಟ್ಟ ಆ ಹುಟ್ಟುಹಬ್ಬವನ್ನು ನಾವು ಸ್ವೀಕರಿಸಿ ಸುಮ್ಮನಿದ್ದೇವೆ.

ಈಗ ನಮಗೆ ಮೂವತ್ತೊಂಬತ್ತು. ಪವಿತ್ರ ಕುರ್‌ಆನಿನ ಅಲ್ ಅಹ್ಕಾಫ್ ಅಧ್ಯಾಯದಲ್ಲಿ ಮನುಷ್ಯನು ಪೂರ್ಣ ಪ್ರೌಢನಾಗಿ ನಲವತ್ತನೇ ವರ್ಷವನ್ನು ತಲಪಿದಾಗ ಮಾಡುವ ಪ್ರಾರ್ಥನೆಯ ಉಲ್ಲೇಖವಿದೆ. ತನಗೂ ತನ್ನ ಹೆತ್ತವರಿಗೂ ದೊರೆತ ಅನುಗ್ರಹಗಳಿಗಾಗಿ ಕೃತಜ್ಞನಾಗಿರುವ ಶಕ್ತಿಯನ್ನೂ, ಅಲ್ಲಾಹನು ಮೆಚ್ಚುವ ಕರ್ಮವನ್ನು ಎಸಗುವ ಬುದ್ಧಿಯನ್ನೂ, ಸಂತತಿಯ ಸುಧಾರಣೆಯನ್ನೂ ಅವನು ಬೇಡುತ್ತಾನೆ. ಹೆತ್ತವರು, ತಾನು, ಮಕ್ಕಳು: ಮೂರು ತಲೆಮಾರುಗಳ ನಡುವೆ ನಿಂತವನ ಪ್ರಾರ್ಥನೆ ಅದು. ಮದ್ರಸದಲ್ಲಿ ಹದಿನಾರರ ಹರೆಯದಲ್ಲಿ ಈ ಸೂಕ್ತದ ವ್ಯಾಖ್ಯಾನವನ್ನು ಪರೀಕ್ಷೆಗೆಂದು ಕಂಠಪಾಠ ಮಾಡಿದ್ದೆವು. ನಲವತ್ತು ಎಂಬುದು ಆಗ ನಮಗೆ ಬೇರೊಂದು ದೇಶದಷ್ಟು ದೂರವಿತ್ತು. ಕಳೆದ ಐದಾರು ವರ್ಷಗಳಿಂದ ಮಾತ್ರ, ನಲವತ್ತು ತುಂಬಲಿ, ಅಂದಿನಿಂದ ಬದುಕನ್ನು ತಿದ್ದಿಕೊಳ್ಳೋಣ ಎಂದು ನಾವೂ ಮನಸ್ಸಿನಲ್ಲಿ ಗಡುವು ಹಾಕಿಕೊಂಡಿದ್ದೆವು.

ಸಂತೆಬಾಚಹಳ್ಳಿಯಿಂದ ಹಿಂತಿರುಗುವಾಗ ಬಸ್ಸಿನಲ್ಲಿ ಕುಳಿತು ಲೆಕ್ಕ ಹಾಕಿದೆವು. ಚಾಂದ್ರಮಾನದ ವರ್ಷವು ಸೌರವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಚಿಕ್ಕದು. ಹಿಜ್ರಿ ಲೆಕ್ಕದ ನಲವತ್ತು ವರ್ಷಗಳೆಂದರೆ ಇಂಗ್ಲಿಷ್ ಕ್ಯಾಲೆಂಡರಿನ ಸುಮಾರು ಮೂವತ್ತೆಂಟು ವರ್ಷ ಹತ್ತು ತಿಂಗಳು. ಅಂದರೆ ನಮ್ಮ ನಲವತ್ತು ಬಂದು, ಬಾಗಿಲು ತಟ್ಟಿ, ಹೋಗಿಯೂ ಆಗಿದೆ! ರಮಝಾನನ್ನೂ ಹಜ್ಜನ್ನೂ ಚಂದ್ರನ ಲೆಕ್ಕದಲ್ಲಿ ಆಚರಿಸುವ ನಾವು ತೌಬಾವನ್ನು ಮಾತ್ರ ಸೂರ್ಯನ ಲೆಕ್ಕಕ್ಕೆ ಮುಂದೂಡಿಕೊಂಡಿದ್ದೆವು. ಹನ್ನೊಂದು ದಿನಗಳ ಅಂತರವನ್ನು ಗಮನಿಸದಷ್ಟು ಆಲಸ್ಯ ನಮ್ಮದು.

ನಮ್ಮೊಬ್ಬರ ಆಲಸ್ಯವಾಗಿದ್ದರೆ ಇದನ್ನು ಪತ್ರಿಕೆಯಲ್ಲಿ ಬರೆಯುವ ಅಗತ್ಯವಿರಲಿಲ್ಲ. ಪಟ್ಟಣದ ಯಾವುದೇ ಚಹಾದಂಗಡಿಯ ಮುಂದೆ ಇಶಾ ನಮಾಝಿನ ಬಳಿಕ ನಿಂತು ನೋಡಿರಿ. ಹುಡುಗರು ಕೆಲಸ ಸಿಕ್ಕಿದ ಮೇಲೆ ಎನ್ನುತ್ತಾರೆ. ಕೆಲಸ ಸಿಕ್ಕಿದವರು ತಂಗಿಯ ಮದುವೆಯಾದ ಮೇಲೆ ಎನ್ನುತ್ತಾರೆ. ಐವತ್ತು ದಾಟಿದವರು ಹಜ್ ಯಾತ್ರೆಯ ನಂತರ ಎನ್ನುತ್ತಾರೆ. ಮನುಷ್ಯ ಮುದುಕನಾಗುತ್ತ ಹೋದಂತೆ ಅವನಲ್ಲಿ ಎರಡು ಸಂಗತಿಗಳು ಮಾತ್ರ ಯೌವನದಲ್ಲಿಯೇ ಉಳಿಯುತ್ತವೆ, ಸಂಪತ್ತಿನ ಆಸೆ ಮತ್ತು ದೀರ್ಘಾಯುಷ್ಯದ ಆಸೆ ಎಂಬ ಅರ್ಥದ ಹದೀಸನ್ನು ಇವರೆಲ್ಲರೂ ಖುತ್ಬಾದಲ್ಲಿ ಕೇಳಿದವರೇ. ಅಲ್ ಅಸ್ರ್ ಅಧ್ಯಾಯದ ಅರ್ಥವನ್ನು ಹಿಂದಿನವರೊಬ್ಬರು ಮಂಜುಗಡ್ಡೆ ಮಾರುವವನ ಕೂಗಿನಿಂದ ಕಲಿತರೆಂದು ಇಮಾಮ್ ರಾಝಿಯವರ ತಫ್ಸೀರಿನಲ್ಲಿ ಬರುತ್ತದೆ. ಬಂಡವಾಳವೇ ಕರಗಿಹೋಗುತ್ತಿರುವವನ ಮೇಲೆ ಕರುಣೆ ತೋರಿ ಎಂದು ಅವನು ಸಂತೆಯಲ್ಲಿ ಕೂಗುತ್ತಿದ್ದನಂತೆ. ಇದನ್ನು ನಾವು ಆ ವೃದ್ಧ ಬಂಧುವಿಗೆ ಹೇಳಿದಾಗ ಅವರು ಹೇಳಿದ ಮಾತು: "ಸಂತೆ ಮುಗಿದ ರಾತ್ರಿ ಎಷ್ಟು ಮಾರಿದೆ, ಎಷ್ಟು ಉಳಿಯಿತು ಅಂತ ಎಣಿಸದೆ ನಾನು ಒಂದು ದಿನವೂ ಮಲಗಿಲ್ಲ. ಎಣಿಸದವನು ಆರು ತಿಂಗಳೂ ಸಂತೆಯಲ್ಲಿ ಉಳಿಯಲ್ಲ ಬೇಟಾ." ಬಟ್ಟೆಯ ಗಂಟಿಗೆ ಇರುವ ಈ ಲೆಕ್ಕ ಆಯುಸ್ಸಿಗೆ ಏಕಿಲ್ಲ? ವಿಚಾರಣೆಗೆ ಒಳಗಾಗುವ ಮುನ್ನ ನಿಮ್ಮನ್ನು ನೀವೇ ವಿಚಾರಣೆಗೆ ಒಳಪಡಿಸಿಕೊಳ್ಳಿ ಎಂಬ ಆಶಯದ ಮಾತನ್ನು ದ್ವಿತೀಯ ಖಲೀಫ ಉಮರ್(ರ)ರವರದೆಂದು ಎಲ್ಲ ಮದ್ರಸಗಳಲ್ಲಿ ಕಲಿಸಲಾಗುತ್ತದೆ. ಕಲಿಸುವುದಕ್ಕೂ ಕಲಿಯುವುದಕ್ಕೂ ಬದುಕುವುದಕ್ಕೂ ನಡುವೆ ಎಷ್ಟು ಕಂದಕವಿದೆ!

ಮಂಡ್ಯ ಜಿಲ್ಲೆಯ ಈ ಭಾಗವು ಜನ್ಮದಿನಗಳಿಗೆ ಹೆಸರಾದುದು ಎಂದರೆ ಓದುಗರು ನಗಬಹುದು. ಕೃಷ್ಣರಾಜಪೇಟೆ ತಾಲೂಕಿನ ಬೂಕನಕೆರೆಯಲ್ಲಿ ಜನಿಸಿದ ಬಿ.ಎಸ್. ಯಡಿಯೂರಪ್ಪನವರು ರಾಜ್ಯದ ಮುಖ್ಯಮಂತ್ರಿಗಳಾದರು. ಪಾಂಡವಪುರ ತಾಲೂಕಿನ ಮೇಲುಕೋಟೆಯಲ್ಲಿ 1948ರಲ್ಲಿ ಜನಿಸಿದ ಜೆ. ಜಯಲಲಿತಾ ತಮಿಳುನಾಡಿನ ಮುಖ್ಯಮಂತ್ರಿಯಾದರು, ಅವರ ಜನ್ಮದಿನಗಳಂದು ಆ ರಾಜ್ಯದ ರಸ್ತೆಗಳು ಕಟೌಟುಗಳಿಂದ ತುಂಬುತ್ತಿದ್ದವು. 2022ರ ಆಗಸ್ಟ್‌ನಲ್ಲಿ ಸಿದ್ದರಾಮಯ್ಯನವರ ಎಪ್ಪತ್ತೈದನೆಯ ಹುಟ್ಟುಹಬ್ಬಕ್ಕೆ ದಾವಣಗೆರೆಯಲ್ಲಿ ನಡೆದ ಸಮಾವೇಶವನ್ನು ಯಾರೂ ಮರೆತಿಲ್ಲ. ನಾಯಕರ ಜನ್ಮದಿನವು ಶಕ್ತಿಪ್ರದರ್ಶನವಾದಾಗ ಅವರ ಹಿಂಬಾಲಕರ ಮನೆಯ ಮಗುವಿನ ಜನ್ಮದಿನವೂ ಫ್ಲೆಕ್ಸ್ ಏರುವುದರಲ್ಲಿ ಆಶ್ಚರ್ಯವೇನಿದೆ?

ಆದರೆ ಇದೇ ತಾಲೂಕಿನಲ್ಲಿ ಬೇರೆ ರೀತಿಯಲ್ಲಿ ವಯಸ್ಸಾದವರೂ ಇದ್ದಾರೆ. ಕಿಕ್ಕೇರಿಯಲ್ಲಿ 1915ರಲ್ಲಿ ಜನಿಸಿದ ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರ ಮಲ್ಲಿಗೆ' 1942ರಲ್ಲಿ ಪ್ರಕಟವಾದಾಗ ಅವರಿಗೆ ಇಪ್ಪತ್ತೇಳು. ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಜನಿಸಿದ ಎ.ಎನ್. ಮೂರ್ತಿರಾಯರು 2003ರವರೆಗೆ ಬದುಕಿದರು. ತೊಂಬತ್ತರ ಪ್ರಾಯದಲ್ಲಿ ಅವರು 'ದೇವರು' ಎಂಬ ಗ್ರಂಥವನ್ನು ಪ್ರಕಟಿಸಿದರು. ದೇವರಿಲ್ಲವೆಂಬ ಅವರ ನಿಲುವನ್ನು ನಾವು ಒಪ್ಪುವುದಿಲ್ಲವೆಂದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ಬಿ.ಎ. ತರಗತಿಯಲ್ಲಿದ್ದಾಗ ಅದನ್ನು ಓದಿ ಅಂಚಿನಲ್ಲೆಲ್ಲ ಪೆನ್ಸಿಲಿನಿಂದ ಜಗಳವಾಡಿದ್ದೆವು. ಆದರೆ ತೊಂಬತ್ತಾದ ಬಳಿಕವೂ ತನಗೆ ಅತ್ಯಂತ ಕಠಿಣವೆನಿಸಿದ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು ಬರೆಯಲು ಕುಳಿತ ಆ ವೃದ್ಧರ ಶಿಸ್ತಿಗೂ, ಅರುವತ್ತಕ್ಕೆ ಕನ್ನಡಕ ಬದಲಾಯಿಸಲೂ ಸೋಮಾರಿತನ ಮಾಡಿ ಕುರ್‌ಆನ್ ಪಾರಾಯಣವನ್ನೇ ನಿಲ್ಲಿಸಿಬಿಡುವ ನಮ್ಮ ಹಿರಿಯರಿಗೂ ಹೋಲಿಕೆಯುಂಟೇ? ದೇವರನ್ನು ನಿರಾಕರಿಸಿದವರು ತಮ್ಮ ಸಮಯವನ್ನು ಗೌರವಿಸಿದರು. ಸಮಯದ ಮೇಲೆ ಆಣೆ ಇಟ್ಟ ಗ್ರಂಥವನ್ನು ನಂಬಿದ ನಾವು ಅದನ್ನು ಚಹಾದಂಗಡಿಯಲ್ಲಿ ಸುರಿಯುತ್ತಿದ್ದೇವೆ.

ಜನ್ಮದಿನದ ಮಾತೆತ್ತಿದ ಮೇಲೆ ಈ ನೆಲದಲ್ಲಿ ಟಿಪ್ಪು ಸುಲ್ತಾನರ ವಿಷಯವನ್ನು ದಾಟಿಹೋಗಲು ಸಾಧ್ಯವಿಲ್ಲ. 2015ರಲ್ಲಿ ರಾಜ್ಯ ಸರಕಾರವು ನವೆಂಬರ್ 10ರಂದು ಟಿಪ್ಪು ಜಯಂತಿಯನ್ನು ಅಧಿಕೃತವಾಗಿ ಆಚರಿಸಲಾರಂಭಿಸಿತು. ಗ್ರಂಥಗಳಲ್ಲಿ ಅವರ ಜನನವು ಸಾಮಾನ್ಯವಾಗಿ 1750ರ ನವೆಂಬರ್ 20 ಎಂದೇ ಮುದ್ರಿತವಾಗಿದೆ. ತಾರೀಕಿನ ಬಗ್ಗೆ ತಲೆಕೆಡಿಸಿಕೊಂಡವರು ಕಡಿಮೆ. ಮೊದಲ ವರ್ಷವೇ ಮಡಿಕೇರಿಯಲ್ಲಿ ಘರ್ಷಣೆಯಾಗಿ ಜೀವಹಾನಿ ಸಂಭವಿಸಿತು. ಅನಂತರದ ವರ್ಷಗಳಲ್ಲಿ ಪೊಲೀಸ್ ಬಂದೋಬಸ್ತಿನ ನಡುವೆ ಸಭಾಂಗಣದೊಳಗೆ ಭಾಷಣಗಳು ನಡೆದವು. 2019ರ ಜುಲೈಯಲ್ಲಿ ಬಂದ ಹೊಸ ಸರಕಾರವು ಬಂದ ಕೆಲವೇ ದಿನಗಳಲ್ಲಿ ಅದನ್ನು ರದ್ದುಗೊಳಿಸಿತು. ಜಯಂತಿಯನ್ನು ಕೊಟ್ಟವರಿಗೂ ಕಸಿದುಕೊಂಡವರಿಗೂ ಅದರಿಂದ ಲಾಭವಾಯಿತು. ಮುಸ್ಲಿಮ್ ಸಮುದಾಯಕ್ಕೆ ಆದ ಲಾಭವೇನು? ಒಂದು ಶಾಲೆ ಬಂತೇ, ಒಂದು ಗ್ರಂಥಾಲಯ ಬಂತೇ? ನಾವು ಕೇಳದೆಯೇ ಕೊಡಲಾದ ಒಂದು ಮೆರವಣಿಗೆಗಾಗಿ ನಮ್ಮ ಹುಡುಗರು ಬೀದಿಗಿಳಿದರು, ಅದನ್ನು ಹಿಂತೆಗೆದುಕೊಂಡಾಗ ಅವಮಾನವನ್ನೂ ಉಂಡರು.

ಇನ್ನೊಂದು ಕಹಿ ಮಾತನ್ನೂ ಹೇಳಬೇಕಾಗಿದೆ. ಮೇಲುಕೋಟೆಯ ಮಂಡ್ಯಂ ಅಯ್ಯಂಗಾರ್ ಕುಟುಂಬಗಳಲ್ಲಿ ನರಕ ಚತುರ್ದಶಿಯನ್ನು ಆಚರಿಸದ ಸಂಪ್ರದಾಯವಿದೆ. ಟಿಪ್ಪುವಿನ ಆಳ್ವಿಕೆಯಲ್ಲಿ ತಮ್ಮ ಪೂರ್ವಜರ ಹತ್ಯೆ ನಡೆಯಿತೆಂಬ ನೆನಪನ್ನು ಅವರು ಹಾಗೆ ಉಳಿಸಿಕೊಂಡಿದ್ದಾರೆ. ಕೊಡಗಿನವರಿಗೂ ಅವರದೇ ಆದ ನೋವಿನ ನೆನಪುಗಳಿವೆ. ಇತಿಹಾಸಕಾರರು ವಿವರಗಳ ಬಗ್ಗೆ ವಾದಿಸುತ್ತಿರಲಿ. ನೆರೆಮನೆಯವನು ದೀಪ ಹಚ್ಚದೆ ಕುಳಿತಿರುವ ಕಾರಣವನ್ನು ತಿಳಿದೂ ನಮ್ಮ ಮನೆಯ ಮುಂದೆ ಪಟಾಕಿ ಹೊಡೆಯುವುದು ಯಾವ ಸಂಸ್ಕಾರ? ನೆರೆಯವನ ಹಕ್ಕಿನ ಬಗ್ಗೆ ನಾವು ಓದುವ ಹದೀಸುಗಳೆಲ್ಲ ಎಲ್ಲಿ ಹೋದವು? ಓದುಗರಲ್ಲಿ ಕೆಲವರಿಗೆ ಈ ಮಾತು ರುಚಿಸದು. ಪತ್ರ ಬರೆಯಲಿ, ಪ್ರಕಟಿಸಲು ನಾವು ಸಿದ್ಧ.

ಟಿಪ್ಪು ಸುಲ್ತಾನರ ಜನ್ಮದಿನಕ್ಕಿಂತ ಅವರ ವಯಸ್ಸಿನ ಲೆಕ್ಕ ನಮ್ಮನ್ನು ಹೆಚ್ಚು ಕಾಡುತ್ತದೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಅವರು ಅರ್ಧ ರಾಜ್ಯವನ್ನು ಕಳೆದುಕೊಂಡರು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳ ದಂಡವನ್ನು ಹೊತ್ತರು, ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಇಂಗ್ಲಿಷರ ಕೈಗೆ ಒಪ್ಪಿಸಿದರು. ಆಗ ಅವರಿಗೆ ನಲವತ್ತೊಂದು. ನಮಗಿಂತ ಎರಡೇ ವರ್ಷ ಹಿರಿಯರು. ನಮ್ಮಂಥವರಾಗಿದ್ದರೆ ಏನು ಮಾಡುತ್ತಿದ್ದೆವು? ಬಾಗಿಲು ಹಾಕಿಕೊಂಡು ವಿಧಿಯನ್ನು ಹಳಿಯುತ್ತಿದ್ದೆವು. ಅವರು 1794ರಲ್ಲಿ ರಾಜಧಾನಿಯ ಪಶ್ಚಿಮಕ್ಕೆ ಕಾವೇರಿಗೆ ಅಡ್ಡಲಾಗಿ ಅಣೆಕಟ್ಟು ಕಟ್ಟುವ ಸಂಕಲ್ಪ ಮಾಡಿ ಪಾರ್ಸಿ ಭಾಷೆಯಲ್ಲಿ ಶಾಸನ ಬರೆಸಿದರು. ಆ ನೀರಿನಿಂದ ಹೊಸದಾಗಿ ಬೇಸಾಯ ಮಾಡುವವರಿಗೆ ಕಂದಾಯದಲ್ಲಿ ನಾಲ್ಕನೆಯ ಒಂದು ಪಾಲನ್ನು ಬಿಡಲಾಗುವುದೆಂದೂ, ಆ ಭೂಮಿ ಅವರ ಸಂತತಿಗೇ ಉಳಿಯುವುದೆಂದೂ ಅದರಲ್ಲಿ ಹೇಳಲಾಗಿದೆ. ಐದು ವರ್ಷಗಳಲ್ಲಿ ಅವರು ಹುತಾತ್ಮರಾದರು. ಅಣೆಕಟ್ಟು ಆಗಲಿಲ್ಲ. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಐವತ್ತರ ಹರೆಯದ ಸರ್ ಎಂ. ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರಾಗಿದ್ದಾಗ ಕನ್ನಂಬಾಡಿಯ ಕೆಲಸ ಆರಂಭವಾದ ಸಮಯದಲ್ಲಿ ಆ ಕಲ್ಲು ದೊರೆಯಿತು. ಇಂದಿಗೂ ಅದು ಅಲ್ಲಿದೆ.

ಈ ಕಲ್ಲನ್ನು ತೋರಿಸಿ ಕನ್ನಂಬಾಡಿಯನ್ನು ಕಟ್ಟಿದ್ದು ಟಿಪ್ಪುವೇ ಎಂದು ವಾದಿಸುವ ಉತ್ಸಾಹಿಗಳು ನಮ್ಮಲ್ಲಿದ್ದಾರೆ. ಇದು ಸರಿಯಲ್ಲ. ಕಟ್ಟಿದವರು ಬೇರೆ. ಸಾವಿರಾರು ಕೂಲಿಕಾರರೂ, ಎಂಜಿನಿಯರರೂ, ಒಬ್ಬ ದೂರದೃಷ್ಟಿಯ ಅರಸರೂ ಅದನ್ನು ಕಟ್ಟಿದರು. ಅವರ ಶ್ರಮವನ್ನು ಕಸಿಯುವ ಹಕ್ಕು ನಮಗಿಲ್ಲ. ಟಿಪ್ಪುವಿನದೆಂದು ನಾವು ಹೇಳಿಕೊಳ್ಳಬಹುದಾದದ್ದು ಸೋತ ಎರಡೇ ವರ್ಷಗಳಲ್ಲಿ, ತಾನು ಮುಗಿಸಿಯೇನೆಂಬ ಖಾತ್ರಿಯಿಲ್ಲದೆ, ರೈತನ ಮೊಮ್ಮಗನ ಹೆಸರಿನಲ್ಲಿ ಮಾಡಿದ ಆ ಸಂಕಲ್ಪವನ್ನು ಮಾತ್ರ. ನಮ್ಮ ಮಟ್ಟಿಗೆ ಅದೇ ಸಾಕಷ್ಟು ದೊಡ್ಡದು.

ಅವರು ತಮ್ಮ ಕನಸುಗಳನ್ನು ಸ್ವಹಸ್ತದಿಂದ ಬರೆದಿಟ್ಟಿದ್ದ ಪುಸ್ತಕವೊಂದು ಪಟ್ಟಣವು ಪತನವಾದ ಬಳಿಕ ಅರಮನೆಯಲ್ಲಿ ಸಿಕ್ಕಿತು. ಮೂವತ್ತೇಳು ಕನಸುಗಳಿರುವ ಆ ಪಾರ್ಸಿ ಹಸ್ತಪ್ರತಿ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ರಾಜ್ಯಭಾರದ, ಯುದ್ಧದ ಹೊರೆಯ ನಡುವೆ ಬೆಳಗ್ಗೆ ಎದ್ದು ಕುಳಿತು ತನ್ನ ಆಸೆ ಆತಂಕಗಳನ್ನು ತಾನೇ ಬರೆದುಕೊಳ್ಳುವ ಅರಸನನ್ನು ಊಹಿಸಿಕೊಳ್ಳಿರಿ. ಅವರು ಜಾರಿಗೆ ತಂದ ಪಂಚಾಂಗದ ಹೆಸರು ಮೌಲೂದಿ, ಅಂದರೆ ಜನನಕ್ಕೆ ಸಂಬಂಧಿಸಿದ್ದು. ಈ ನಾಡಿನ ಅರುವತ್ತು ಸಂವತ್ಸರಗಳ ಚಕ್ರವನ್ನು ಉಳಿಸಿಕೊಂಡೇ ಅವುಗಳಿಗೆ ಹೊಸ ಹೆಸರುಗಳನ್ನಿಟ್ಟರು. ಕಾಲದ ಎಣಿಕೆಯ ಬಗ್ಗೆ ಅಷ್ಟೊಂದು ಯೋಚಿಸಿದ ಆ ಮನುಷ್ಯ 1799ರ ಮೇ 4ರಂದು ತೀರಿಕೊಂಡಾಗ ಇಂಗ್ಲಿಷ್ ಲೆಕ್ಕದಲ್ಲಿ ನಲವತ್ತೆಂಟು ವರ್ಷ. ಹಿಜ್ರಿ ಲೆಕ್ಕದಲ್ಲಿ ಐವತ್ತು ತುಂಬಲು ಕೆಲವೇ ವಾರಗಳಿದ್ದವು. ಗುಂಬಝಿಗೆ ಹೋಗಿ ಸೆಲ್ಫಿ ತೆಗೆಸಿಕೊಳ್ಳುವ ನಮ್ಮ ಹುಡುಗರಲ್ಲಿ ಒಬ್ಬನಾದರೂ ಅಲ್ಲಿ ನಿಂತು ತನ್ನ ವಯಸ್ಸನ್ನು ಆ ನಲವತ್ತೆಂಟರಿಂದ ಕಳೆದು ನೋಡಿದ್ದಾನೆಯೇ?

ಇನ್ನು ಕಾಗದದ ವಿಷಯ. ಇದನ್ನು ನಾವು ಒತ್ತಿ ಹೇಳಲು ಕಾರಣವಿದೆ. ಪೌರತ್ವ ಕಾನೂನಿನ ಪ್ರಕಾರ 1987ರ ಜುಲೈ 1ಕ್ಕೆ ಮುನ್ನ ಭಾರತದಲ್ಲಿ ಜನಿಸಿದವನು ಜನನದ ಆಧಾರದಲ್ಲೇ ಪೌರ. ಅನಂತರ ಜನಿಸಿದವನ ತಂದೆ ತಾಯಿಗಳಲ್ಲಿ ಒಬ್ಬರಾದರೂ ಪೌರರಾಗಿರಬೇಕು. 2004ರ ಡಿಸೆಂಬರ್ ಬಳಿಕ ಜನಿಸಿದವರಿಗೆ ನಿಯಮ ಇನ್ನೂ ಬಿಗಿ. ನಾವು 1986ರವರು, ನಮ್ಮ ತಮ್ಮ 1988ರವನು. ಒಂದೇ ಮನೆಯಲ್ಲಿ, ಒಂದೇ ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದ ಇಬ್ಬರು ರೇಖೆಯ ಎರಡು ಕಡೆಗಳಲ್ಲಿದ್ದೇವೆ. ಅಸ್ಸಾಮಿನಲ್ಲಿ 2019ರ ಆಗಸ್ಟ್ 31ರಂದು ಪ್ರಕಟವಾದ ಪೌರತ್ವ ನೋಂದಣಿಯ ಪಟ್ಟಿಯಿಂದ ಹತ್ತೊಂಬತ್ತು ಲಕ್ಷಕ್ಕೂ ಅಧಿಕ ಜನರು ಹೊರಗುಳಿದರು, ಅವರಲ್ಲಿ ಹಿಂದೂಗಳೂ ಮುಸ್ಲಿಮರೂ ಇದ್ದರು. 2025ರಲ್ಲಿ ಬಿಹಾರದ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆಯಲ್ಲಿಯೂ ಇವೇ ವರ್ಷಗಳನ್ನು ಇಟ್ಟುಕೊಂಡು ದಾಖಲೆ ಕೇಳಲಾಯಿತು. ಆಧಾರ್ ಕಾರ್ಡು ಜನ್ಮದಿನಾಂಕಕ್ಕೆ ಪುರಾವೆಯಲ್ಲವೆಂದು ಸುಪ್ರೀಮ್ ಕೋರ್ಟ್ 2024ರ ಅಕ್ಟೋಬರ್‌ನಲ್ಲಿ ಹೇಳಿದೆ. 2023ರ ತಿದ್ದುಪಡಿಯ ಪ್ರಕಾರ, ಆ ವರ್ಷದ ಅಕ್ಟೋಬರ್ 1ರಂದು ಮತ್ತು ಅನಂತರ ಜನಿಸಿದ ಮಕ್ಕಳಿಗೆ ಶಾಲಾ ಪ್ರವೇಶ, ಮತದಾರರ ಪಟ್ಟಿ, ಪಾಸ್‌ಪೋರ್ಟ್, ವಿವಾಹ ನೋಂದಣಿ, ಸರಕಾರಿ ನೌಕರಿ ಎಲ್ಲದಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಸಂತೆಬಾಚಹಳ್ಳಿಯ ಆ ಮಗು ಇದೇ ಸಾಲಿನದು.

ಕಾಗದ ಕೇಳುವವರ ಉದ್ದೇಶವನ್ನು ನಾವು ಪ್ರಶ್ನಿಸುತ್ತಲೇ ಇರಬೇಕು, ಬಡವನ ಮೇಲೆ ಪುರಾವೆಯ ಹೊರೆ ಹೊರಿಸುವ ಕ್ರಮವನ್ನು ವಿರೋಧಿಸುತ್ತಲೇ ಇರಬೇಕು. ಈ ಪತ್ರಿಕೆ ಆ ಕೆಲಸವನ್ನು ಮಾಡುತ್ತಿದೆ. ಆದರೆ ನಮ್ಮ ಕೈಯಲ್ಲಿಯೇ ಇದ್ದ ಕೆಲಸವನ್ನು ನಾವು ಮಾಡದೆ ಬಿಟ್ಟದ್ದಕ್ಕೆ ಯಾವ ಸರಕಾರವನ್ನು ದೂರೋಣ? ಒಂದೇ ಮನೆಯಲ್ಲಿ ಮಹಮ್ಮದ್, ಮೊಹಮ್ಮದ್, ಮಹಮದ್ ಎಂಬ ಮೂರು ಬರಹಗಳು. ತಾಯಿಯ ಹೆಸರು ರೇಷನ್ ಕಾರ್ಡಿನಲ್ಲಿ ಬಿ, ಶಾಲೆಯಲ್ಲಿ ಬೇಗಮ್, ಆಸ್ಪತ್ರೆಯಲ್ಲಿ ಬಾನು. ಹುಟ್ಟಿ ಇಪ್ಪತ್ತೊಂದು ದಿನಗಳೊಳಗೆ ತಿಳಿಸಿದರೆ ಖರ್ಚಿಲ್ಲದೆ ಆಗುವ ನೋಂದಣಿಯನ್ನು ಒಂದು ವರ್ಷ ದಾಟಿಸಿದರೆ ಮ್ಯಾಜಿಸ್ಟ್ರೇಟರ ಆದೇಶಕ್ಕಾಗಿ ಅಲೆಯಬೇಕಾಗುತ್ತದೆ. ಕೇಕಿನ ಮೇಲೆ ಹೆಸರಿನ ಅಕ್ಷರ ತಪ್ಪಿದರೆ ಬೇಕರಿಯವನೊಂದಿಗೆ ಜಗಳವಾಡುವ ತಂದೆ ಪ್ರಮಾಣಪತ್ರದಲ್ಲಿನ ತಪ್ಪನ್ನು ಹತ್ತು ವರ್ಷ ನೋಡಿಯೂ ಇರುವುದಿಲ್ಲ.

ಹೆಣ್ಣುಮಕ್ಕಳ ಹುಟ್ಟುಹಬ್ಬದ ಬಗ್ಗೆ ಒಂದು ಮಾತು. ಗಂಡುಮಗುವಿಗೆ ಶಾಮಿಯಾನ, ಹೆಣ್ಣುಮಗುವಿಗೆ ಅಡುಗೆಮನೆಯ ಖೀರು ಎಂಬುದನ್ನು ನಾವು ಎಷ್ಟೋ ಮನೆಗಳಲ್ಲಿ ಕಂಡಿದ್ದೇವೆ. ಹೆಣ್ಣಿನ ಹದಿನೆಂಟನೆಯ ಹುಟ್ಟುಹಬ್ಬವನ್ನು ಮಾತ್ರ ಎಲ್ಲರೂ ಸರಿಯಾಗಿ ನೆನಪಿಟ್ಟುಕೊಳ್ಳುತ್ತಾರೆ, ಏಕೆಂದರೆ ಅದು ಮದುವೆಯ ಗಡುವು. ಪಿಯುಸಿಯಲ್ಲಿ ಒಳ್ಳೆಯ ಅಂಕ ಪಡೆದ ಹುಡುಗಿಗೆ ಆ ದಿನ ಮುಂದೇನು ಓದುತ್ತೀಯಾ ಎಂದು ಕೇಳುವ ತಂದೆ ನಮಗೆ ತಾಲೂಕಿಗೆ ಇಬ್ಬರೋ ಮೂವರೋ ಸಿಕ್ಕಿದ್ದಾರೆ.

ಪರರಿಗೆ ಹೇಳಿದ್ದಾಯಿತು. ಬಸ್ಸು ಕೃಷ್ಣರಾಜಪೇಟೆ ತಲಪುವ ಮುನ್ನ ನಾವು ಜೇಬಿನಲ್ಲಿದ್ದ ಆಮಂತ್ರಣ ಪತ್ರದ ಹಿಂಭಾಗದಲ್ಲಿ ಬರೆದುಕೊಂಡ ಸಂಕಲ್ಪಗಳು ದೊಡ್ಡವಲ್ಲ. ಮದುವೆಯಾಗಿ ಹನ್ನೊಂದು ವರ್ಷವಾದರೂ ನಮ್ಮ ಪತ್ನಿಗೆ ಸಲ್ಲಬೇಕಾದ ಮಹ್ರ್‌ನಲ್ಲಿ ಅರ್ಧ ಬಾಕಿ ಇದೆ. ವರದಕ್ಷಿಣೆಯ ವಿರುದ್ಧ ಎಷ್ಟು ಲೇಖನ ಬರೆದಿದ್ದೇವೆಂಬ ಲೆಕ್ಕ ನಮ್ಮಲ್ಲಿದೆ, ಈ ಬಾಕಿಯ ಲೆಕ್ಕವನ್ನು ಆಕೆಯೂ ಕೇಳಿಲ್ಲ, ನಾವೂ ಎತ್ತಿಲ್ಲ. ಅದು ಮೊದಲು. ವಸಿಯ್ಯತ್ ಬರೆದಿಡದೆ ಎರಡು ರಾತ್ರಿ ಕಳೆಯಬಾರದೆಂಬ ಆಶಯದ ಹದೀಸನ್ನು ನಾವು ತರಗತಿಯಲ್ಲಿ ಪಾಠ ಮಾಡಿದವರು. ನಮ್ಮ ವಸಿಯ್ಯತ್ ಇನ್ನೂ ಖಾಲಿ ಹಾಳೆ. ಅದು ಎರಡನೆ��ದು. ತಮ್ಮನ ಮತ್ತು ಅಮ್ಮಿಯ ದಾಖಲೆಗಳಲ್ಲಿ ಅಬ್ಬಾರ ಹೆಸರು ಒಂದೇ ರೀತಿ ಬರುವಂತೆ ಮಾಡಬೇಕು. ಸಕ್ಕರೆಯ ಪರೀಕ್ಷೆ ಮಾಡಿಸಬೇಕು, ಅಬ್ಬಾ ಐವತ್ತೆಂಟಕ್ಕೆ ತೀರಿಕೊಂಡದ್ದು ಆ ಕಾಯಿಲೆಯಿಂದಲೇ. ಬಿ.ಎ. ಮುಗಿದ ವರ್ಷ ಆರಂಭಿಸಿ ಕಪಾಟಿನಲ್ಲಿಟ್ಟ ಅನುವಾದದ ಇನ್ನೂರು ಪುಟಗಳಿವೆ. ಅದರ ಬಗ್ಗೆ ಏನು ಬರೆಯಬೇಕೆಂದು ತಿಳಿಯದೆ ಅಲ್ಲಿಗೇ ಪೆನ್ನು ಮುಚ್ಚಿದೆವು.

ಈ ಲೇಖನವನ್ನು ಅಚ್ಚಿಗೆ ಕಳುಹಿಸುವ ಮುನ್ನ ಸಂತೆಬಾಚಹಳ್ಳಿಗೆ ಫೋನ್ ಮಾಡಿದೆವು. ಏಳನೆಯ ದಿನ ಮಗುವಿನ ತಂದೆ ನೋಂದಣಿ ಅಧಿಕಾರಿಯ ಬಳಿ ಹೋಗಿ ಹೆಸರು ಸೇರಿಸಲು ಅರ್ಜಿ ಕೊಟ್ಟು ಬಂದಿದ್ದಾರೆ. ಜೊತೆಯಲ್ಲಿ ದಾದಾ ಕೂಡ ಹೋಗಿದ್ದರಂತೆ. ತಮ್ಮ ಆಧಾರಿನಲ್ಲಿರುವ ಜನವರಿ 1 ಎಂಬ ತಾರೀಕನ್ನು ಬದಲಾಯಿಸಲಾದೀತೇ ಎಂದು ಅಲ್ಲಿದ್ದವರನ್ನು ಅವರು ಕೇಳಿದ್ದಾರೆ. ಅದಕ್ಕೆ ದಾಖಲೆ ಬೇಕಲ್ಲ, ಏನಿದೆ ಎಂದು ಅವರು ತಿರುಗಿ ಕೇಳಿದ್ದಾರೆ. ಅಮ್ಮಿ ಹೇಳಿದ್ದರು ಎಂದು ದಾದಾ ಉತ್ತರಿಸಿದರಂತೆ.